ಎಲ್ಲರೂ ಕುಣಿಗಲ್ ಕಡೆಗೆ

ಕಾರಣವಿಲ್ಲದೆ ಯಾರಾದರೂ ಕೂತ ಜಾಗದಿಂದ ಎದ್ದರೆ ನನಗೆ ಅನುಮಾನ ಬರುತ್ತದೆ. ಮದುವೆ ಮನೆಯಲ್ಲಿ ಎರಡನೇ ಸಾಲಿನಲ್ಲಿದ್ದವರು ತಟ್ಟನೆ ಎದ್ದು ನಾಲ್ಕನೇ ಸಾಲಿಗೆ ಹೋದರು ಅನ್ನಿ. ಉಳಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಾನು ಮಾತ್ರ ವಧೂವರರನ್ನು ಬಿಟ್ಟು ಅವರನ್ನೇ ನೋಡುತ್ತಾ ಕೂರುತ್ತೇನೆ. ಯಾಕೆ ಎದ್ದರು? ಯಾರು ಬಂದರು ಅಂತ ಎದ್ದರು? ಮಠದ ದಾಸೋಹದಲ್ಲಿ ಒಬ್ಬರು ಪಂಕ್ತಿಯ ಈ ತುದಿ ಬಿಟ್ಟು ಆ ತುದಿಗೆ ಹೋಗಿ ಕೂತರೆ, ಪಾಯಸದ ಬಕೆಟ್ಟು ಆ ಕಡೆಯಿಂದ ಹೊರಟಿದೆ ಎಂದು ನಾನು ತಲೆ ಎತ್ತದೆ ಹೇಳಬಲ್ಲೆ. ಎದುರು ಮನೆಯವರು ಗಿಡಕ್ಕೆ ನೀರು ಹಾಕುತ್ತಾ ಹಾಕುತ್ತಾ ನಮ್ಮ ಗೇಟಿನ ಹತ್ತಿರದ ದಾಸವಾಳಕ್ಕೆ ಬಂದಾಗ, ನಮ್ಮ ಮನೆಗೆ ಯಾರೋ ನೆಂಟರು ಬಂದಿರುವುದು ಅವರಿಗೆ ಗೊತ್ತಾಗಿದೆ ಎಂದು ತಿಳಿದುಕೊಳ್ಳುತ್ತೇನೆ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ ಸರ್ವಮಂಗಳ ಮದುವೆಯಾದ ವರ್ಷವೇ ಹೇಳಿದ್ದಳು.

ಕಾಯಿಲೆ ಹತ್ತಿದ್ದು ನಾಟಕದಿಂದ. ನಾನು ತುಮಕೂರಿನ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅನ್ನ ಹಾಕಿದ್ದು ಡ್ರಾಯಿಂಗು, ತಲೆ ಕೆಡಿಸಿದ್ದು ನಾಟಕ. ನಮ್ಮದೊಂದು ಸಣ್ಣ ಹವ್ಯಾಸಿ ತಂಡವಿದೆ. ಅದರಲ್ಲಿ ನನಗೆ ಹಾಡಲು ಬರುವುದಿಲ್ಲ, ಅಭಿನಯ ಅಷ್ಟಕ್ಕಷ್ಟೆ. ಹಾಗಾಗಿ ನಿರ್ದೇಶಕನಾದೆ. ಅದರಲ್ಲೂ ನನಗೆ ನಿಜವಾಗಿ ಬರುವುದು ಒಂದೇ ಕೆಲಸ: ಯಾರು ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆಯಬೇಕು, ಎಲ್ಲಿ ಕೂರಬೇಕು ಎಂದು ಗೊತ್ತು ಮಾಡುವುದು. ಕಲಿತವರು ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ನಮ್ಮ ತಂಡದಲ್ಲಿ ‘ಜಾಗ ಹಾಕೋದು’ ಅಂತ ರೂಢಿ. ಜಾಗ ಹಾಕುವವನಿಗೆ ಒಂದೇ ಒಂದು ಕಾನೂನು: ರಂಗದ ಮೇಲೆ ಯಾರೂ ಸುಮ್ಮನೆ ಹೆಜ್ಜೆ ಇಡಬಾರದು. ಏನೋ ಬೇಕಾಗಿರಬೇಕು, ಇಲ್ಲವೇ ಯಾರಿಗೋ ಹೆದರಿರಬೇಕು, ಅದೂ ಇಲ್ಲವೆಂದರೆ ಏನನ್ನೋ ಮುಚ್ಚಿಡುತ್ತಿರಬೇಕು. ಈ ಕಾನೂನನ್ನು ಮೂವತ್ತು ವರ್ಷ ಬೇರೆಯವರ ಮೇಲೆ ಹೇರಿದ ಮೇಲೆ, ರಂಗದಿಂದ ಇಳಿದು ಬೀದಿಗೆ ಬಂದಾಗ ಅದನ್ನು ಬಿಚ್ಚಿಡುವುದಕ್ಕೆ ಆಗುತ್ತದೆಯೇ?

ಜಾಗ ಹಾಕುವುದಕ್ಕೆ ನನ್ನ ಹತ್ತಿರ ಕಂಪ್ಯೂಟರು ಗಿಂಪ್ಯೂಟರು ಇಲ್ಲ. ಮಾವನ ಮನೆಯಿಂದ ಬಂದ ಹಲಸಿನ ಮರದ ಮಣೆಯೊಂದಿದೆ. ಊಟಕ್ಕೆ ಕೂರುವ ಮಣೆ. ಅದೇ ನನ್ನ ರಂಗಭೂಮಿ. ಸೀಮೆಸುಣ್ಣದಲ್ಲಿ ಮನೆ, ಬಾಗಿಲು, ಕಟ್ಟೆ ಬರೆದುಕೊಂಡು, ಅಡುಗೆಮನೆಯ ಡಬ್ಬಿಗಳಿಂದ ಪಾತ್ರಧಾರಿಗಳನ್ನು ಎತ್ತಿಕೊಂಡು ಬರುತ್ತೇನೆ. ಮುಖ್ಯ ನಟನಿಗೆ ಅಡಿಕೆ, ಎರಡನೆಯವನಿಗೆ ಹುಣಿಸೆಬೀಜ, ನಾಯಕಿಗೆ ಏಲಕ್ಕಿ, ಗುಂಪಿನಲ್ಲಿ ನಿಲ್ಲುವವರಿಗೆ ಹುರುಳಿಕಾಳು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮಣೆಯ ಮುಂದೆ ಕೂತರೆ ನನಗೆ ಲೋಕದ ಪರಿವೆ ಇರುವುದಿಲ್ಲ. ಸರ್ವಮಂಗಳ ಅಡುಗೆಮನೆಯಿಂದ ಬಗ್ಗಿ ನೋಡಿ, “ಆಯ್ತೇನ್ರೀ? ಏಲಕ್ಕಿ ಕೊಡಿ, ಶಾವಿಗೆ ಪಾಯ್ಸಕ್ಕೆ ಬೇಕು” ಅನ್ನುತ್ತಾಳೆ. ಎಷ್ಟೋ ನಾಯಕಿಯರು ಎರಡನೇ ಅಂಕದ ನಡುವೆ ಪಾಯಸಕ್ಕೆ ಹೋಗಿದ್ದಾರೆ. ಅವಳು ತಾಲೀಮಿಗೆ ಒಂದು ದಿನವೂ ಬಂದವಳಲ್ಲ. ನಾಟಕ ನೋಡಲು ಬಂದರೂ ಕಡೆಯ ಸಾಲಿನಲ್ಲಿ ಕೂತು, ಮುಗಿದ ಮೇಲೆ “ಚೆನ್ನಾಗಿತ್ತು, ಸೀರೆ ಬಣ್ಣ ಸರಿ ಇರ್ಲಿಲ್ಲ” ಅನ್ನುವುದು ಬಿಟ್ಟು ಬೇರೆ ವಿಮರ್ಶೆ ಮಾಡಿದವಳಲ್ಲ. ಕಾಳು ಸರಿಸುವುದನ್ನು ಮಾತ್ರ ಇಷ್ಟು ವರ್ಷವೂ ನೋಡುತ್ತಾ ಬಂದಿದ್ದಳು.

ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. ನಟರಿಗೆ ಎಡಬಲ ಹೇಳುವುದು ಮಹಾ ತಾಪತ್ರಯ. ನನ್ನ ಎಡ ಅವರ ಬಲ, ಅವರ ಎಡ ನನ್ನ ಬಲ. ‘ಬಲಕ್ಕೆ ಹೋಗು’ ಅಂದರೆ ಅವನು ಒಂದು ಕಡೆ, ನಾನು ಒಂದು ಕಡೆ ಕೈ ತೋರಿಸುತ್ತಾ ನಿಲ್ಲುತ್ತಿದ್ದೆವು. ಇದಕ್ಕೆ ನಮ್ಮ ತಂಡ ಒಂದು ಉಪಾಯ ಕಂಡುಕೊಂಡಿತು. ನಾವು ತಾಲೀಮು ಮಾಡುವುದು ತುಮಕೂರಿನ ಒಂದು ಹಳೆಯ ಛತ್ರದ ಹಾಲಿನಲ್ಲಿ. ಅಲ್ಲಿ ನನ್ನ ಕುರ್ಚಿಯಲ್ಲಿ ರಂಗಕ್ಕೆ ಮುಖ ಮಾಡಿ ಕೂತರೆ ಗುಬ್ಬಿ ನನ್ನ ಬಲಕ್ಕೆ ಬರುತ್ತದೆ, ಕುಣಿಗಲ್ ಎಡಕ್ಕೆ. ಅಂದಿನಿಂದ ನಮ್ಮ ರಂಗದ ಒಂದು ಪಕ್ಕ ಗುಬ್ಬಿ ಕಡೆ, ಇನ್ನೊಂದು ಪಕ್ಕ ಕುಣಿಗಲ್ ಕಡೆ. “ಆ ಮಾತಿಗೆ ಎದ್ದು ಗುಬ್ಬಿ ಕಡೆ ನಾಲ್ಕು ಹೆಜ್ಜೆ” ಎಂದರೆ ಯಾರಿಗೂ ಗೊಂದಲವಿಲ್ಲ. ಬೇರೆ ಊರಿಗೆ ಹೋದರೂ ಇದೇ ಲೆಕ್ಕ. ಒಮ್ಮೆ ಕುಣಿಗಲ್ಲಿನಲ್ಲೇ ನಾಟಕವಿದ್ದಾಗ ನಾನು “ಎಲ್ಲಾ ಕುಣಿಗಲ್ ಕಡೆ ಹೋಗ್ರಪ್ಪಾ” ಎಂದು ಕೂಗಿದೆ. ಅಲ್ಲಿನ ಮೈಕ್‌ನವರು ವೈರು ಸುತ್ತುವುದನ್ನು ನಿಲ್ಲಿಸಿ, “ಇನ್ನೂ ಎಲ್ಲಿಗೆ ಹೋಗ್ತಾರೆ ಸಾ, ಬಂದವ್ರಲ್ಲ” ಅಂದರು.

ಜಾಗದ ವಿಷಯದಲ್ಲಿ ನಮ್ಮ ಹಿಂದಿನವರು ನನಗಿಂತ ಉದಾರಿಗಳು. ಮೂಡಲಪಾಯ ಬಯಲಾಟದ ಭಾಗವತರು ನಿಂತಲ್ಲೇ ನಿಂತಿರುತ್ತಾರೆ, ವೇಷದವನು ರಂಗಕ್ಕೆ ಒಂದು ಸುತ್ತು ಹಾಕಿದನೆಂದರೆ ಅಯೋಧ್ಯೆಯಿಂದ ದಂಡಕಾರಣ್ಯ ಬಂದುಬಿಡುತ್ತದೆ. ಹಳೆಯ ಕಾಲದ ನಾಟ್ಯ ಬಲ್ಲವರು ರಂಗವನ್ನು ಕಕ್ಷ್ಯೆಗಳೆಂದು ಭಾಗ ಮಾಡಿ, ಇಲ್ಲಿ ಮನೆ, ಇಲ್ಲಿ ಕಾಡು, ಇಲ್ಲಿ ದೇವಲೋಕ ಎಂದು ಮಾತಿನಲ್ಲೇ ಒಪ್ಪಂದ ಮಾಡಿಕೊಂಡಿದ್ದರಂತೆ. ನೋಡುವವರೂ ಒಪ್ಪಿದರು. ನನ್ನಂಥ ಅನುಮಾನದ ಪ್ರಾಣಿ ಆಗಿನ ಸಭೆಯಲ್ಲಿದ್ದಿದ್ದರೆ, ‘ಈಗ ತಾನೆ ಅಡುಗೆಮನೆ ಇದ್ದ ಜಾಗದಲ್ಲಿ ನದಿ ಹೇಗೆ ಬಂತು’ ಎಂದು ಎದ್ದು ಕೇಳುತ್ತಿದ್ದನೇನೋ. ಆಮೇಲೆ ತೂಗುಹಾಕುವ ಮೈಕು ಬಂತು. ಬಂದದ್ದೇ, ಪೌರಾಣಿಕ ನಾಟಕಗಳ ಜಾಗವನ್ನೆಲ್ಲ ಅದೇ ಹಾಕತೊಡಗಿತು. ಎರಡು ಮೈಕಿದ್ದರೆ ಒಂದು ದುರ್ಯೋಧನನದು. ಅವನು ಭೀಮನ ಗದೆಗೆ ತೊಡೆ ಮುರಿಸಿಕೊಂಡು ಬೀಳುವಾಗಲೂ ಮೈಕಿನ ಅಡಿಯಲ್ಲೇ ಬೀಳುತ್ತಾನೆ.

ಕ್ಯಾಮೆರಾದ ಮುಂದೆಯೂ ಒಂದು ಸಲ ನಿಂತು ನೋಡಿದ್ದೇನೆ. ಕಡಬದ ಕಡೆ ತೆಂಗಿನ ತೋಟವೊಂದರಲ್ಲಿ ಯಾವುದೋ ಧಾರಾವಾಹಿಯ ಶೂಟಿಂಗು, ನನಗೆ ಊರ ಹಿರಿಯನ ಪಾತ್ರ. ನೆಲಕ್ಕೆ ಕೆಂಪು ಟೇಪು ಅಂಟಿಸಿ, “ಸರ್, ನಡ್ಕೊಂಡು ಬಂದು ಇದರ ಮೇಲೆ ನಿಲ್ಲಿ, ಆದರೆ ಕೆಳಗೆ ನೋಡ್ಬೇಡಿ” ಎಂದರು. ನೋಡದೆ ಟೇಪಿನ ಮೇಲೆ ನಿಲ್ಲುವುದು ಹೇಗೆ ಸ್ವಾಮಿ? ಐದು ಸಲ ತಪ್ಪಿದೆ. ಆರನೆಯ ಸಲ, ಸಹಾಯಕ ನಿರ್ದೇಶಕ ಟೇಪನ್ನು ಗುಟ್ಟಾಗಿ ಜರುಗಿಸುತ್ತಿದ್ದಾನೆ ಎಂದು ನನಗೆ ಅನುಮಾನ ಬಂದು, ಅವನ ಮೇಲೇ ಕಣ್ಣಿಟ್ಟು ನಡೆದು ಬಂದೆ. ಟೇಪಿನ ಮೇಲೇನೋ ಸರಿಯಾಗಿ ನಿಂತೆ, ಹೇಳಬೇಕಾದ ಮಾತು ಮರೆತಿತ್ತು. ಮತ್ತೆ ಯಾರೂ ಕರೆಯಲಿಲ್ಲ.

ಇದೇ ವರಸೆಯಲ್ಲಿ ನಿಟ್ಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೋಡಿದ್ದನ್ನೂ ಹೇಳಿಬಿಡುತ್ತೇನೆ. ಅಲ್ಲೊಬ್ಬರು ವಯಸ್ಸಾದ ಹಾರ್ಮೋನಿಯಂ ಮೇಷ್ಟ್ರು. ಕಿವಿ ಮಂದವಾಗಿತ್ತು. ಪಾತ್ರಧಾರಿಗಳೆಲ್ಲ ಹಾಡು ಬಂದಾಗ ಯುದ್ಧವನ್ನೂ ಒಡ್ಡೋಲಗವನ್ನೂ ಬಿಟ್ಟು ಅವರ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ಶ್ರುತಿ ಹಿಡಿಸುತ್ತಿದ್ದರು. ನನಗೆ ರೇಗಿಹೋಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ಸರ್ವಮಂಗಳಳಿಗೆ, “ಕಿವಿ ಹೋದ್ಮೇಲೆ ಮರ್ಯಾದೆಯಾಗಿ ಮನೇಲಿ ಕೂತ್ಕೋಬೇಕು ಕಣೇ. ಜನರ ತಲೆ ಮೇಲೆ ಕೂರಬಾರದು. ನಾನಾಗಿದ್ರೆ ಅವತ್ತೇ ಬಿಟ್ಟುಬಿಡ್ತಿದ್ದೆ” ಎಂದು ಭಾಷಣ ಮಾಡಿದೆ. ಅವಳು ಮಜ್ಜಿಗೆ ಬಡಿಸಿದಳು.

ಈಗ ನನ್ನ ಗೋಳಿಗೆ ಬರುತ್ತೇನೆ. ಕಳೆದ ವರ್ಷ ನಾನೇ ಬರೆದು ಒಂದು ನಾಟಕ ಕಟ್ಟಿದೆ. ಅಣ್ಣ ತಮ್ಮ ಒಂದು ಬಾವಿಗಾಗಿ ಕಿತ್ತಾಡುತ್ತಾರೆ, ನಡುವೆ ಒಬ್ಬಳು ತಂಗಿ. ಕಥೆ ಇಷ್ಟೇ. ಕಡೆಯ ದೃಶ್ಯದಲ್ಲಿ ಅಣ್ಣ ತಮ್ಮ ಇಬ್ಬರೂ ಕುಣಿಗಲ್ ಕಡೆ ಬಾಗಿಲ ಹತ್ತಿರ ಕೊರಳಪಟ್ಟಿ ಹಿಡಿದುಕೊಂಡಿರುವಾಗ, ಗುಬ್ಬಿ ಕಡೆಯ ತುತ್ತತುದಿಯಲ್ಲಿ, ಬಾವಿಕಟ್ಟೆಗೆ ಒರಗಿ ಅರ್ಧ ಬೆನ್ನು ತಿರುಗಿಸಿ ಕೂತ ತಂಗಿ ಸಣ್ಣ ದನಿಯಲ್ಲಿ, “ಒಂದು ಲೋಟ ನೀರು ಕೊಡಣ್ಣ” ಅನ್ನುತ್ತಾಳೆ. ಇಬ್ಬರ ಕೈಯೂ ಸಡಿಲವಾಗುತ್ತದೆ. ಪರದೆ. ಆ ಮಾತನ್ನು ಅಷ್ಟು ದೂರದಿಂದ, ಅಷ್ಟು ಮೆಲ್ಲಗೆ ಹೇಳಿಸಬೇಕು ಎಂದೇ ನಾನು ಇಡೀ ನಾಟಕ ಬರೆದಿದ್ದೆ. ಅಣ್ಣನ ಪಾತ್ರ ರುದ್ರೇಶನದು. ನಿಟ್ಟೂರಿನವನು, ವಸಂತನರಸಾಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರು, ಹದಿನೈದು ವರ್ಷದಿಂದ ನನ್ನ ಜೊತೆ ಇದ್ದಾನೆ. ನಮ್ಮ ಮನೆಯಲ್ಲಿ ಕೇಳದೆ ಕಾಫಿ ಕುಡಿಯುವ ಸಲಿಗೆ ಇರುವವನು ಅವನೊಬ್ಬನೇ. ತಂಗಿಯ ಪಾತ್ರ ಹೇಮಳದು, ಪದವಿ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಗುಬ್ಬಿಯಲ್ಲಿ ಪ್ರದರ್ಶನ ಗೊತ್ತಾಯಿತು. ಗುಬ್ಬಿಯೆಂದರೆ ಸುಮ್ಮನೆಯೇ? ಅಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಅಜ್ಜ ಯಾವುದೋ ಕಾಲದಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡಿರುತ್ತಾನೆ, ಮೊಮ್ಮಕ್ಕಳಿಗೆಲ್ಲ ನಾಟಕದ ತಪ್ಪು ಹುಡುಕುವ ಹಕ್ಕು ಪಿತ್ರಾರ್ಜಿತವಾಗಿ ಬಂದಿರುತ್ತದೆ.

ತಾಲೀಮು ಶುರುವಾಗಿ ಎರಡು ವಾರಕ್ಕೆ ನನ್ನ ಕಣ್ಣಿಗೆ ಅದು ಬಿತ್ತು. ಎಲ್ಲರೂ ಕುಣಿಗಲ್ ಕಡೆಗೆ ಜರುಗುತ್ತಿದ್ದರು. ಮೊದಲು ಅರ್ಧ ಹೆಜ್ಜೆ, ಆಮೇಲೆ ಒಂದು, ಆಮೇಲೆ ಎರಡು. ಗುಬ್ಬಿ ಕಡೆ ನಿಂತು ಹೇಳಬೇಕಾದ ಮಾತನ್ನು ರುದ್ರೇಶ ನಡೆಯುತ್ತಾ ನಡೆಯುತ್ತಾ ನಡುವೆ ಬಂದು ಹೇಳಿದ. ಅವನನ್ನು ನೋಡಿ ತಮ್ಮನ ಪಾತ್ರದವನೂ ಜರುಗಿದ. ನಾನು ಗದರಿದೆ. ನಿಜ ಹೇಳಬೇಕೆಂದರೆ ಗುಬ್ಬಿ ಕಡೆ ನಿಂತವರನ್ನು ನಾನು ಮೊದಲಿನಿಂದಲೂ ಗದರುತ್ತಲೇ ಇದ್ದೆ. “ಗಂಟಲು ಬಿಟ್ಟು ಮಾತಾಡ್ರಪ್ಪ, ಹೊಟ್ಟೆಗೆ ಹಿಟ್ಟಿಲ್ವಾ” ಎನ್ನುತ್ತಿದ್ದೆ. ಆ ಕಡೆಯ ಗೋಡೆಯಲ್ಲಿ ದೊಡ್ಡ ಕಿಟಕಿಯಿದೆ, ಮಾತೆಲ್ಲ ರಸ್ತೆಗೆ ಹೋಗುತ್ತಿದೆ ಎಂದು ಛತ್ರದವರಿಗೆ ದೂರು ಹೇಳಿ, ಕಿಟಕಿಗೆ ಗೋಣಿತಾಟು ಕಟ್ಟಿಸಿದೆ. ಪ್ರಯೋಜನವಾಗಲಿಲ್ಲ. ಕಡೆಗೊಂದು ದಿನ ಹೇಮ, ಬಾವಿಕಟ್ಟೆಯನ್ನೇ ಬಿಟ್ಟು ಎದ್ದು ಬಂದು, ಕುಣಿಗಲ್ ಕಡೆ ನಿಂತು, ನನ್ನ ಪ್ರಾಣದಂಥ ಆ ಮಾತನ್ನು ಸಂತೆಯಲ್ಲಿ ಸೊಪ್ಪು ಕೂಗುವವರ ಹಾಗೆ ಕೂಗಿದಳು. “ಯಾಕಮ್ಮ ಎದ್ದು ಬಂದೆ?” ಎಂದು ಕೇಳಿದೆ. ಅವಳು ರುದ್ರೇಶನ ಮುಖ ನೋಡಿದಳು. ಅವನು ನೆಲ ನೋಡಿದ. ಮೂವತ್ತು ವರ್ಷದ ಅನುಭವ ನನಗೆ ಹೇಳಿತು: ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ.

ಆಮೇಲೆ ನನಗೆ ಕಂಡದ್ದೆಲ್ಲ ಅದಕ್ಕೇ ಸೇರಿಕೊಂಡಿತು. ಮಂಚದ ಮೇಲೆ ಇಷ್ಟು ವರ್ಷ ನನ್ನ ಬಲಕ್ಕೆ ಮಲಗುತ್ತಿದ್ದ ಸರ್ವಮಂಗಳ, ಫ್ಯಾನಿನ ಗಾಳಿ ಆಗುವುದಿಲ್ಲ ಎಂದು ಎಡಕ್ಕೆ ಬಂದಿದ್ದಳು. ಫ್ಯಾನು ಇರುವುದು ಮಂಚದ ನಡುಮಧ್ಯೆ! ಅಮಾನಿಕೆರೆಯ ಏರಿ ಮೇಲೆ ವಾಕಿಂಗಿಗೆ ಹೋದರೆ ಅವಳು ದಾರಿಯಲ್ಲೇ ನನ್ನನ್ನು ಸುತ್ತಿಕೊಂಡು ಎಡಗಡೆಗೆ ಬರುತ್ತಿದ್ದಳು. ಯಾಕೆ ಎಂದರೆ ಬಿಸಿಲು ಅನ್ನುತ್ತಿದ್ದಳು. ಮೋಡ ಮುಚ್ಚಿದ ದಿನವೂ ಬಿಸಿಲು. ಒಂದು ಸಂಜೆ ಅವಳ ಫೋನು ಟೇಬಲ್ಲಿನ ಮೇಲೆ ಗುಯ್‌ಗುಟ್ಟುತ್ತಿತ್ತು, ನೋಡಿದರೆ ರುದ್ರೇಶ. ಅವಳು ಎತ್ತಿಕೊಂಡು ಹಿತ್ತಲಿಗೆ ಹೋದಳು. ನನಗೆ ಎಲ್ಲಾ ಗೊತ್ತಾಯಿತು ಎಂದುಕೊಂಡೆ. ಮೇಷ್ಟ್ರಿಗೆ ವಯಸ್ಸಾಯಿತು, ಗುಬ್ಬಿಯಂಥ ಕಡೆ ಇವರ ಹಳೆಯ ಪದ್ಧತಿ ನಡೆಯುವುದಿಲ್ಲ ಎಂದು ರುದ್ರೇಶ ತಂಡವನ್ನು ಕೈಗೆ ತೆಗೆದುಕೊಳ್ಳುತ್ತಿದ್ದಾನೆ. ನನಗೆ ನಯವಾಗಿ ಹೇಳಿ ಮನೆಯಲ್ಲಿ ಕೂರಿಸಲು ನನ್ನ ಹೆಂಡತಿಯನ್ನೇ ಒಳಗೆ ಹಾಕಿಕೊಂಡಿದ್ದಾನೆ. ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ನಾಟಕ ಬಿಟ್ಟರೆ ನನಗೆ ಬೇರೆ ಏನಿದೆ? ನಾನು ರುದ್ರೇಶನನ್ನು ತಂಡದಿಂದ ತೆಗೆಯುವುದೆಂದು ತೀರ್ಮಾನಿಸಿದೆ. ಗುಬ್ಬಿಯ ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು.

ಆ ಶನಿವಾರ ಮಧ್ಯಾಹ್ನ ಗುಬ್ಬಿಯ ನಾಟಕದ ಹಾಲು ನೋಡಿ ಬರುತ್ತೇನೆ, ಸಂಜೆಯಾಗುತ್ತದೆ ಎಂದು ಹೇಳಿ ಹೊರಟೆ. ಬಸ್‌ಸ್ಟಾಂಡಿನಲ್ಲಿ ನಿಂತಿರುವಾಗ ಅಲ್ಲಿಯವರ ಫೋನು ಬಂತು: ಬೀಗದ ಕೈ ಇರುವವರು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದಾರೆ, ನಾಳೆ ಬನ್ನಿ. ವಾಪಸು ಬಂದೆ. ಗೇಟಿನ ಮುಂದೆ ರುದ್ರೇಶನ ಬೈಕು. ನಾನು ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು ಒಳಗೆ ಹೋದೆ. ಹಾಲಿನಲ್ಲಿ, ನೆಲದ ಮೇಲೆ, ನನ್ನ ಮಣೆ. ಅದರ ಒಂದು ಪಕ್ಕ ಸರ್ವಮಂಗಳ, ಇನ್ನೊಂದು ಪಕ್ಕ ರುದ್ರೇಶ. ಮಣೆಯ ಮೇಲೆ ಅಡಿಕೆ, ಹುಣಿಸೆಬೀಜ, ಏಲಕ್ಕಿ, ಎಲ್ಲವೂ ಎಡಗಡೆಗೆ ಗುಂಪುಗೂಡಿದ್ದವು. ಮಣೆಯಿಂದ ಆಚೆ, ಪ್ರೇಕ್ಷಕರು ಕೂರುವ ಕಡೆ, ನಟ್ಟನಡುವೆ ಒಂದು ಒಣಮೆಣಸಿನಕಾಯಿ. ನನ್ನ ಹೆಂಡತಿ ಏಲಕ್ಕಿಯನ್ನು ಬೆರಳಿನಿಂದ ಇನ್ನೂ ಎಡಕ್ಕೆ ತಳ್ಳುತ್ತಾ, “ಇಲ್ಲಿ ಬಂದ್ರೆ ಸರಿಹೋಗತ್ತೆ ನೋಡಪ್ಪ” ಅನ್ನುತ್ತಿದ್ದಳು.

“ಏನ್ಲಾ ಇದು?” ಎಂದೆ. ರುದ್ರೇಶ ತಟ್ಟನೆ ಎದ್ದು ನಿಂತ.

“ಸಾರ್, ಹಂಗಲ್ಲ ಸಾರ್...”

“ಹಂಗೂ ಬೇಡ ಹಿಂಗೂ ಬೇಡ. ನನ್ ನಾಟಕಕ್ಕೆ ನನ್ ಮಣೆ ಮೇಲೇ ನೀನು ಜಾಗ ಹಾಕ್ತಿದೀಯ. ಹದಿನೈದು ವರ್ಷ ಮನೆ ಮಗನ ಹಂಗೆ ನೋಡ್ಕೊಂಡಿದ್ದಕ್ಕೆ ಇದೇನ್ಲಾ? ನಾಳೆಯಿಂದ ನೀನು ತಂಡಕ್ಕೆ ಬರಬೇಡ. ಗುಬ್ಬಿ ನಾಟಕವೂ ಇಲ್ಲ, ಏನೂ ಇಲ್ಲ, ಬುಡು.” ಕಾಲಿನ ಹತ್ತಿರ ಮೆಣಸಿನಕಾಯಿ ಕಂಡು, “ಇದ್ಯಾರು?” ಎಂದೆ.

“ನೀವು” ಎಂದಳು ಸರ್ವಮಂಗಳ.

ಅವಳು ಎದ್ದಳು. ಆಮೇಲೆ ನಡೆದದ್ದನ್ನು ನಿರ್ದೇಶಕನಾಗಿಯೇ ಹೇಳುತ್ತೇನೆ, ಯಾಕೆಂದರೆ ಅಷ್ಟು ಚೆನ್ನಾಗಿ ಜಾಗ ಹಾಕಿದ ದೃಶ್ಯವನ್ನು ನಾನು ನನ್ನ ಜನ್ಮದಲ್ಲಿ ಕಟ್ಟಿಲ್ಲ. ಅವಳು ಮಣೆಯನ್ನು ಬಳಸಿಕೊಂಡು ನನ್ನ ಬಲಗಡೆಗೆ, ಸ್ವಲ್ಪ ಹಿಂದಕ್ಕೆ ಬಂದು ನಿಂತಳು. ನಾನು ರುದ್ರೇಶನನ್ನೇ ದುರುಗುಟ್ಟಿ ನೋಡುತ್ತಿದ್ದೆ. ಅವನು ಅವಳ ಕಡೆ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ಕಣ್ಣು ತುಂಬಿಬಂತು. ಸುಮ್ಮನೆ ನಿಂತ ಹೆಂಗಸನ್ನು ನೋಡಿ ಇವನಿಗೇಕೆ ಅಳು ಎಂದು ನಾನು ತಿರುಗಿದೆ. ಅವಳ ತುಟಿ ಆಗ ತಾನೆ ಮುಚ್ಚುತ್ತಿತ್ತು. ಅವಳು ನನ್ನ ಬೆನ್ನ ಹಿಂದಿನಿಂದ ನಡೆದು ಎಡಗಡೆಗೆ ಬಂದಳು.

“ಈಗ ಆ ಕಡೆ ನಿಂತು ನಾನು ಏನ್ ಹೇಳ್ದೆ, ಹೇಳಿ” ಎಂದಳು.

“ನೀನು ಎಲ್ಲಿ ಮಾತಾಡ್ದೆ?”

“ಅದನ್ನೇ ಕಣ್ರೀ ನಾನು ಹೇಳ್ತಿರೋದು. ಒಂದೂವರೆ ವರ್ಷ ಆಯ್ತು. ನಿಮ್ ಬಲಗಿವಿ ಕೇಳ್ಸಲ್ಲ.”

ನಾನು ಕುರ್ಚಿಯ ಮೇಲೆ ಕೂತೆ. ಮೊದಮೊದಲು ಅವಳಿಗೂ ಅನುಮಾನವೇ ಬಂದಿತ್ತಂತೆ. ಕರೆದರೆ ತಿರುಗುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ, ನಿವೃತ್ತಿಯಾದ ಮೇಲೆ ಇವರಿಗೆ ನಾನು ಬೇಡವಾದೆ ಎಂದು ಒಂದು ವಾರ ಒಲೆಯ ಮುಂದೆ ನಿಂತು ಅತ್ತಿದ್ದಳಂತೆ. ಆಮೇಲೊಂದು ದಿನ ಅಕಸ್ಮಾತ್ತಾಗಿ ಎಡಗಡೆ ನಿಂತು ಮೆಲ್ಲಗೆ ಕರೆದಾಗ ನಾನು ಓಗೊಟ್ಟೆ. ಎರಡು ದಿನ ಆ ಕಡೆ ಈ ಕಡೆ ನಿಂತು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡಳು. ಅಲ್ಲಿಂದ ಮಂಚದ ಮೇಲೆ, ಕೆರೆ ಏರಿಯ ಮೇಲೆ, ಊಟದ ಹೊತ್ತಿನಲ್ಲಿ, ನನ್ನ ಬದುಕಿನಲ್ಲೆಲ್ಲ ಅವಳು ತನ್ನ ಜಾಗ ಬದಲಾಯಿಸಿಕೊಂಡಿದ್ದಳು. ತಾಲೀಮಿನಲ್ಲಿ ಗುಬ್ಬಿ ಕಡೆಯವರನ್ನು ಮಾತ್ರ ನಾನು ಬೈಯುತ್ತೇನೆ ಎಂದು ರುದ್ರೇಶ ಬಂದು ಅಲವತ್ತುಕೊಂಡಾಗ, ಅವನಿಗೂ ಗುಟ್ಟು ಹೇಳಿದಳು.

“ನಂಗೇ ಹೇಳ್ಬಾರ್ದಿತ್ತೇನೇ?” ಎಂದೆ.

“ಹಾರ್ಮೋನಿಯಂ ಮೇಷ್ಟ್ರ ವಿಷ್ಯ ಹೇಳ್ದಾಗ ನಾನೇ ಮಜ್ಜಿಗೆ ಬಡಿಸ್ತಿದ್ದೆ. ಅವತ್ತೇ ಬಿಟ್ಟುಬಿಡ್ತಿದ್ದೆ ಅಂದಿದ್ರಲ್ಲ. ನೀವು ಹೇಳಿದ್ ಮಾಡೋ ಜನ. ನಾಟ್ಕ ಬಿಟ್ಟು ಮನೇಲಿ ಕೂತ್ರೆ ನೀವು ಉಳೀತೀರಾ?”

ರುದ್ರೇಶ ಇನ್ನೂ ನಿಂತೇ ಇದ್ದ. “ನಾವೇ ಒಂಚೂರು ಈ ಕಡೆ ಬಂದ್ರೆ ಆಯ್ತಲ್ಲ ಅಂತ ಸಾರ್. ಕೆಟ್ಟದಾಗ್ತದೆ ಅಂತ ನಮ್ಗೂ ಗೊತ್ತಿತ್ತು. ಹೇಮ ಬೇಜಾರ್ ಮಾಡ್ಕೊಂಡ್ಳು. ಆದ್ರೂ ನಿಮ್ಗೆ ಕೇಳ್ದೇ ಇರೋದಕ್ಕಿಂತ ವಾಸಿ ಅಂದ್ಲು” ಎಂದ. ನನಗೆ ಅವನ ಮುಖ ನೋಡುವುದಕ್ಕೆ ನಾಚಿಕೆಯಾಯಿತು. “ಕೂತ್ಕೊಳೋ, ಕಾಫಿ ಕುಡ್ಕೊಂಡ್ ಹೋಗು” ಎಂದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಅವನು ನನ್ನ ಎಡಗಡೆಗೆ ಬಂದು ಕೂತ.

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಕಿವಿಯೊಳಗೆ ಬೆಳಕು ಬಿಟ್ಟು, ಹೆಡ್‌ಫೋನು ಹಾಕಿ, ಕುಂಯ್ ಎಂದಾಗ ಬೆರಳೆತ್ತಿ ಅಂದರು. ಎಡಕ್ಕೆ ಬೆರಳೆತ್ತಿದೆ, ಬಲಕ್ಕೆ ಯಾವಾಗ ಎತ್ತಬೇಕೆಂದು ಕಾಯುತ್ತಾ ಕೂತೆ. ನರ ಸೋತಿದೆ, ಮಿಷನ್ ಹಾಕಿಸಿಕೊಂಡರೆ ಸ್ವಲ್ಪ ಉಪಯೋಗವಾಗಬಹುದು ಎಂದರು. ಗುಬ್ಬಿ ಮುಗಿಯಲಿ ನೋಡೋಣ ಎಂದೆ. ಆ ಮಿಷನ್ನು ಬೇಡದ ಮಾತನ್ನೆಲ್ಲ ತಂದು ಕಿವಿಗೆ ಸುರಿಯುತ್ತದೆಂದು ಕೇಳಿದ್ದೇನೆ. ಬೇಡದ ಮಾತೆಲ್ಲ ಕೇಳಿಸತೊಡಗಿದರೆ ನನ್ನಂಥವನ ಗತಿ ಏನಾದೀತು, ನೀವೇ ಯೋಚಿಸಿ.

ಅಂದು ಸಂಜೆ ಒಬ್ಬನೇ ಮಣೆಯ ಮುಂದೆ ಕೂತೆ. ಕಾಳುಗಳು ಶನಿವಾರ ಇದ್ದ ಹಾಗೇ ಎಡಕ್ಕೆ ಒತ್ತಿಕೊಂಡು ನಿಂತಿದ್ದವು. ಗುಬ್ಬಿ ಕಡೆ ಬಣಬಣ ಎನ್ನುತ್ತಿತ್ತು. ಒಂದು ಮೆಣಸಿನಕಾಯಿಗಾಗಿ ಇಷ್ಟು ಜನ ತಮ್ಮ ತಮ್ಮ ಜಾಗ ಬಿಟ್ಟು ಬಂದಿದ್ದರು. ನನಗೆ ಸಂಕಟವಾಯಿತು, ಅದರ ಜೊತೆಗೆ ಏನೋ ಒಂದು ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ನಾಟಕ ಹಾಳಾಗುತ್ತಿತ್ತು. ಅಡಿಕೆಯನ್ನು ಅದರ ಜಾಗಕ್ಕೆ ಇಟ್ಟೆ. ಹುಣಿಸೆಬೀಜವನ್ನು ಇಟ್ಟೆ. ಏಲಕ್ಕಿಯನ್ನು ಬಾವಿಕಟ್ಟೆಯ ಹತ್ತಿರಕ್ಕೆ, ಬಲಗಡೆಯ ತುದಿಗೆ ಒಯ್ದು ಇಟ್ಟೆ. ಮೆಣಸಿನಕಾಯಿ ನಡುವೆ ಒಬ್ಬಂಟಿಯಾಗಿ ಬಿದ್ದಿತ್ತು. ಅದನ್ನು ಸುಮ್ಮನೆ ನೋಡುತ್ತಾ ಕೂತವನಿಗೆ ಒಂದು ವಿಷಯ ಹೊಳೆಯಿತು. ಮೂವತ್ತು ವರ್ಷದಿಂದ ನಾನು ನೂರಾರು ಜನರನ್ನು ಅತ್ತ ಇತ್ತ ಸರಿಸಿದ್ದೇನೆ. ನನ್ನ ಕುರ್ಚಿಯನ್ನು ಮಾತ್ರ ಒಂದು ಸಲವೂ ಸರಿಸಿಲ್ಲ. ನಿರ್ದೇಶಕ ಎಂದರೆ ನಡುಮಧ್ಯೆ ಕೂರುವವನು ಎಂದು ಯಾರು ಹೇಳಿದ್ದು? ಮೆಣಸಿನಕಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಬಲಗಡೆಯ ಕೊನೆಗೆ ಇಟ್ಟೆ. ಅಲ್ಲಿಂದ ನೋಡಿದರೆ ಇಡೀ ಮಣೆಯೇ ಎಡಕ್ಕೆ ಬಂತು.

ಯಾರಿಗೂ ಹೇಳಲಿಲ್ಲ. ಮರುದಿನ ತಾಲೀಮಿನಲ್ಲಿ “ಎಲ್ಲಾ ನಿಮ್ ನಿಮ್ ಹಳೇ ಜಾಗಕ್ಕೆ ಹೋಗಿ. ಹೇಮ, ನೀನು ಬಾವಿಕಟ್ಟೆ ಬಿಟ್ಟು ಏಳ್ಬೇಡಮ್ಮ” ಎಂದಷ್ಟೇ ಹೇಳಿದೆ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಳೆಯ ಜಾಗಕ್ಕೆ ಹೋದರು. ಛತ್ರದ ಹಾಲಿನಲ್ಲಿ ನನ್ನ ಕುರ್ಚಿ ನಡುವೆಯೇ ಇತ್ತು; ಎಲ್ಲರ ಕಣ್ಣೆದುರು ಅದನ್ನು ಸರಿಸಲು ನಾಚಿಕೆಯಾಗಿ, ಗುಬ್ಬಿಯಲ್ಲೇ ನೋಡಿಕೊಳ್ಳೋಣ ಎಂದುಕೊಂಡಿದ್ದೆ. ಕೇಳಿಸದ ಮಾತಿಗೆ ತುಟಿಯಾಡುವುದನ್ನು ನೋಡಿ ತಲೆಯಾಡಿಸಿದೆ. ಬೈಯಲಿಲ್ಲ. ಬೈಗುಳವಿಲ್ಲದ ತಾಲೀಮು ನೋಡಿ ಅವರಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು.

ಗುಬ್ಬಿಯಲ್ಲಿ ಆ ಸಂಜೆ ಹಾಲು ಜನರಿಂದ ತುಂಬಿತ್ತು. ಅಜ್ಜಂದಿರು ಮೊದಲ ಎರಡು ಸಾಲಿನಲ್ಲಿ ಊರುಗೋಲು ಊರಿಕೊಂಡು, ಎಲ್ಲಿ ತಪ್ಪುತ್ತೀರೋ ನೋಡೋಣ ಎಂಬಂತೆ ಕೂತಿದ್ದರು. ಮೊದಲ ಬೆಲ್ಲಿಗೆ ಮುಂಚೆ ನಾನು ಒಳಗೆ ಎಲ್ಲರ ಬೆನ್ನು ತಟ್ಟಿ, ಯಾರಿಗೂ ಕಾಣದಂತೆ ಪಕ್ಕದ ಬಾಗಿಲಿನಿಂದ ಹಾಲಿಗೆ ಇಳಿದೆ. ಮೂರನೇ ಸಾಲಿನ ಬಲತುದಿ, ಗೋಡೆಗೆ ಅಂಟಿದ ಕುರ್ಚಿ. ಅದೇ ನನ್ನ ಗುರಿ. ಹತ್ತಿರ ಹೋದರೆ ಅದರ ಮೇಲೆ ಯಾರೋ ಕರ್ಚೀಫು ಹಾಕಿ ಹಿಡಿದಿದ್ದಾರೆ. ನನಗೆ ಮೈ ಉರಿಯಿತು. ಗೋಡೆಯ ಪಕ್ಕ ಕೂರುವ ಹುಚ್ಚು ಇನ್ನು ಯಾರಿಗೆ? ಬಗ್ಗಿ ನೋಡಿದೆ. ನೀಲಿ ಅಂಚಿನ ಕರ್ಚೀಫು. ನನ್ನದೇ. ಅದರ ಎಡಗಡೆಯ ಕುರ್ಚಿಯಲ್ಲಿ, ಎಂದೂ ಕಡೆಯ ಸಾಲು ಬಿಟ್ಟು ಬಾರದ ಸರ್ವಮಂಗಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನಿಂಗೆ ಯಾರ್ ಹೇಳಿದ್ರು?” ಎಂದೆ.

“ಮೆಣಸಿನಕಾಯಿ ಜರುಗಿತ್ತಲ್ಲ, ಅವತ್ತೇ ಮಾರ್ನೇ ಬೆಳಿಗ್ಗೆ ಕಸ ಗುಡಿಸುವಾಗ ನೋಡ್ದೆ. ಕೂತ್ಕೊಳ್ಳಿ, ಬೆಲ್ ಆಗತ್ತೆ” ಎಂದಳು.

ನಾಟಕ ನಡೆಯಿತು. ಅದರಲ್ಲಿ ಏನೇನು ತಪ್ಪಿತ್ತು ಎಂದು ಗುಬ್ಬಿಯ ಅಜ್ಜಂದಿರು ಆಮೇಲೆ ನನಗೆ ವಿವರವಾಗಿ ಹೇಳಿದರು, ಅದು ಇಲ್ಲಿ ಬೇಡ. ಕಡೆಯ ದೃಶ್ಯ ಬಂತು. ಆಚೆ ತುದಿಯಲ್ಲಿ ಅಣ್ಣ ತಮ್ಮ ಕೊರಳಪಟ್ಟಿ ಹಿಡಿದರು. ಈಚೆ ತುದಿಯಲ್ಲಿ, ನನ್ನಿಂದ ಐದಾರು ಮಾರು ದೂರದಲ್ಲಿ, ಹೇಮ ಬಾವಿಕಟ್ಟೆಗೆ ಒರಗಿ ಅರ್ಧ ಬೆನ್ನು ತಿರುಗಿಸಿದಳು. ನಾನು ಎಡಗಿವಿಯನ್ನು ಅವಳ ಕಡೆ ಮಾಡಿದೆ. “ಒಂದು ಲೋಟ ನೀರು ಕೊಡಣ್ಣ.” ಎಷ್ಟು ಮೆಲ್ಲಗೆ ಬೇಕೆಂದಿದ್ದೆನೋ ಅಷ್ಟೇ ಮೆಲ್ಲಗೆ. ಆ ಮಾತು ನನಗೆ ಪೂರ್ತಿ ಕೇಳಿಸಿತು. ಬರೆದವನು ನಾನೇ ಆದರೂ ಅದನ್ನು ನಾನು ಕಿವಿಯಾರೆ ಕೇಳಿದ್ದು ಆವತ್ತೇ ಮೊದಲು. ಕಣ್ಣೊರೆಸಿಕೊಳ್ಳಲು ಕರ್ಚೀಫು ಹುಡುಕಿದೆ, ಅದರ ಮೇಲೆ ಕೂತಿದ್ದೆ.

ಒಂದು ಅನುಮಾನ ಮಾತ್ರ ಬಗೆಹರಿದಿಲ್ಲ. ಆ ಶನಿವಾರ ನನ್ನ ಬಲಗಡೆ ನಿಂತು ಅವಳು ಏನು ಹೇಳಿದಳು? ಅದನ್ನು ಕೇಳಿ ರುದ್ರೇಶನ ಕಣ್ಣು ಯಾಕೆ ತುಂಬಿತು? ಅವನನ್ನು ಕೇಳಿದರೆ “ಅಮ್ಮನ್ನೇ ಕೇಳಿ ಸಾರ್” ಎಂದು ಬೈಕು ಸ್ಟಾರ್ಟ್ ಮಾಡುತ್ತಾನೆ. ಅವಳನ್ನು ಕೇಳಿದರೆ “ಅದು ನಿಮ್ಗೆ ಕೇಳಿಸ್ಲಿ ಅಂತ ಹೇಳಿದ್ದಲ್ಲ” ಅನ್ನುತ್ತಾಳೆ. ಇತ್ತೀಚೆಗೆ ಸಂಜೆ ನಾನು ಮಣೆಯ ಮುಂದೆ ಕೂತು ಕಾಳು ಸರಿಸುತ್ತಿರುವಾಗ ಅವಳು ಒಮ್ಮೊಮ್ಮೆ ಬಂದು ನನ್ನ ಬಲಗಡೆ, ಸ್ವಲ್ಪ ಹಿಂದಕ್ಕೆ ನಿಲ್ಲುತ್ತಾಳೆ. ಅವಳ ಸೀರೆಯ ನೆರಳು ಮಣೆಯ ಅಂಚಿಗೆ ಬೀಳುತ್ತದೆ. ಕಾರಣವಿಲ್ಲದೆ ಅಲ್ಲಿ ಬಂದು ನಿಲ್ಲುವವಳಲ್ಲ ಅವಳು. ನಾನು ಅಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡು, ಅವಳು ಹೇಳಿ ಮುಗಿಸುವವರೆಗೆ ತಿರುಗದೆ ಕೂತಿರುತ್ತೇನೆ.